ಮುಂದಿನ ವರ್ಷದ ಗಿರಾಕಿ

“ಬುದ್ಧಿ, ಮುಂದಿನ ವರ್ಷ ಜನ ಯಾವ ಮರದ ನೆಲ ಕೇಳ್ತಾರೆ?” ಎಂದು ಗುರುಪಾದ ಕೇಳಿದ.

ಕೇಳಿದ್ದು ಇದೇ ಮೊದಲಲ್ಲ. ಮನೆಗಳಿಗೆ ಮರದ ನೆಲ ಹಾಸಿಕೊಡುವುದು ಅವನ ಕಸುಬು. ವರ್ಷದಿಂದ ಪ್ರತಿ ಸೋಮವಾರ ಮಠಕ್ಕೆ ಬರುತ್ತಿದ್ದ, ಹಣ್ಣಿನ ತಟ್ಟೆ ಇಟ್ಟು ಅಡ್ಡಬೀಳುತ್ತಿದ್ದ, ಪೂರ್ತಿ ಏಳುವ ಮೊದಲೇ ಈ ಪ್ರಶ್ನೆ ತೆಗೆಯುತ್ತಿದ್ದ. ಸ್ವಾಮಿಗಳು ಒಮ್ಮೆ ನಕ್ಕು ಕಳಿಸಿದ್ದರು. ಇನ್ನೊಮ್ಮೆ ತಮಗೆ ಗೊತ್ತಿಲ್ಲವೆಂದು ನೇರವಾಗಿಯೇ ಹೇಳಿದ್ದರು. ಅದರಲ್ಲೂ ಏನೋ ಸೂಚನೆ ಇರಬೇಕೆಂದು ಅವನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದ. ಇಂಥವನಿಗೆ ಇನ್ನೇನು ಹೇಳುವುದೆಂದು ಸ್ವಾಮಿಗಳಿಗೆ ತೋಚುತ್ತಿರಲಿಲ್ಲ.

ಅಂದು ಶ್ರಾವಣದ ಮೊದಲ ಸೋಮವಾರ. ಗುರುಪಾದ ಹೊಸ ಸುದ್ದಿಗಳನ್ನೂ ಹೊತ್ತು ತಂದಿದ್ದ. ಇನ್ನು ಮುಂದೆ ಬಿದಿರಿನ ನೆಲಕ್ಕೇ ಬೇಡಿಕೆ ಎಂದು ಒಬ್ಬರು ಹೇಳಿದರಂತೆ. ಅದೆಲ್ಲ ಸುಳ್ಳು, ಮರದಂತೆ ಕಾಣುವ ಪ್ಲಾಸ್ಟಿಕ್ಕೇ ಮಾರುಕಟ್ಟೆಯನ್ನು ಆಳುವುದು ಎಂದು ಇನ್ನೊಬ್ಬರು ಹೇಳಿದರಂತೆ. ಹೊನ್ನೆ ಮರವನ್ನು ಯಾರೂ ಮೂಸಿಯೂ ನೋಡುವುದಿಲ್ಲ ಎಂಬುದರಲ್ಲಿ ಮಾತ್ರ ಇಬ್ಬರೂ ಒಂದೇ. ಗುರುಪಾದನ ಅಂಗಳದಲ್ಲಿ ಇದ್ದದ್ದು ಹೊನ್ನೆಯೇ. ಹೋದ ದೀಪಾವಳಿಗೆ ಹಲಗೆ ಕೊಯ್ಸಿ ಪೇರಿಸಿದ್ದ. ಅಷ್ಟನ್ನೂ ಕೊಟ್ಟುಬಿಡುವುದಾಗಿ ಯಾರಿಗೋ ಮಾತು ಕೊಟ್ಟು ಬಂದಿದ್ದ. ಮರುದಿನ ಬೆಳಿಗ್ಗೆ ಲಾರಿ ಬರುವುದಿತ್ತು. ಖಾಲಿಯಾದ ಜಾಗದಲ್ಲಿ ಏನು ತುಂಬುವುದು ಎಂಬುದೊಂದೇ ಅವನ ಚಿಂತೆ.

ಸ್ವಾಮಿಗಳಿಗೆ ತಲೆ ಚಿಟ್ಟು ಹಿಡಿಯಿತು. ಒಂದು ಕತೆ ಹೇಳುತ್ತೇನೆ, ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ ಎಂದು ಹೇಳಿ ಅವನನ್ನು ಕೂರಿಸಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಅವನದೂ ಮರದ ನೆಲದ ವ್ಯಾಪಾರ. ಊರಿನ ಯಾವ ಗೃಹಪ್ರವೇಶವನ್ನೂ ಅವನು ಬಿಡುತ್ತಿರಲಿಲ್ಲ, ಕರೆಯದಿದ್ದರೂ ಹೋಗುತ್ತಿದ್ದ. ಊಟಕ್ಕೆ ಕೂತರೆ ಎಲೆಯ ಕಡೆ ಕಣ್ಣಿಲ್ಲ, ನೆಲದ ಕಡೆಗೇ ಕಣ್ಣು. ಜನ ಏನನ್ನು ಹೊಗಳುತ್ತಾರೆ ಎಂದು ಕಿವಿಗೊಟ್ಟು ಕೇಳಿ ಮನೆಗೆ ಬರುತ್ತಿದ್ದ.

ಹಸಿ ಮರವನ್ನು ಹಾಸಬಾರದು. ಹಲಗೆ ಕೊಯ್ದು, ಒಂದರ ಮೇಲೊಂದು ಪೇರಿಸಿ, ಗಾಳಿಯಾಡಲು ನಡುವೆ ತೆಳು ಪಟ್ಟಿ ಇಟ್ಟು, ನೆರಳಿನಲ್ಲಿ ವರ್ಷ ತುಂಬಿಸಬೇಕು. ಒಂದು ಬೇಸಿಗೆ, ಒಂದು ಮಳೆಗಾಲ. ಹಿಗ್ಗುವುದು ಕುಗ್ಗುವುದೆಲ್ಲ ಅಲ್ಲೇ ಮುಗಿಯಬೇಕು. ವ್ಯಾಪಾರಿಗೆ ಇದು ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವನಾಗಿದ್ದರೆ ಯಾರಾದರೂ ಹೇಳಿಕೊಡಬಹುದಿತ್ತು.

ಮೊದಲು ಅವನು ತೇಗ ಪೇರಿಸಿದ. ಒಂಬತ್ತು ತಿಂಗಳಾಗಿತ್ತು. ಅಷ್ಟರಲ್ಲಿ ಒಬ್ಬ ಸಾಹುಕಾರ ತನ್ನ ಹೊಸ ಮನೆಗೆ ಕಪ್ಪು ಬಣ್ಣದ ಮತ್ತಿ ಮರದ ಹಲಗೆ ಹಾಸಿಸಿದ. ಬಂದವರೆಲ್ಲ ಹೊಗಳಿದರು. ವ್ಯಾಪಾರಿ ಮರುದಿನವೇ ತೇಗವನ್ನು ಒಬ್ಬ ಮುದಿ ಬಡಗಿಗೆ ಕೊಟ್ಟು ಮತ್ತಿ ತರಿಸಿದ. ಬಡಗಿ ಹಲಗೆಯ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ, ಇನ್ನು ಮೂರು ತಿಂಗಳು ಇಟ್ಟಿದ್ದರೆ ಸಾಕಿತ್ತಲ್ಲ ಯಜಮಾನರೇ ಎಂದ. ಮರ ಮೂರು ತಿಂಗಳು ಕೂತರೂ ಗಿರಾಕಿ ಕೂರುವುದಿಲ್ಲ, ನೀನು ಹೇರಿಕೊಂಡು ನಡೆ ಎಂದು ವ್ಯಾಪಾರಿ ಸಿಡುಕಿದ. ಮತ್ತಿಗೂ ಒಂಬತ್ತು ತಿಂಗಳಾಯಿತು. ಈಗ ಊರಿಗೆಲ್ಲ ಬಿಳಿ ನೆಲದ ಹುಚ್ಚು ಹಿಡಿಯಿತು. ಮತ್ತಿಯೂ ಬಡಗಿಯ ಹಿತ್ತಿಲು ಸೇರಿತು. ಬಡಗಿ ಮತ್ತದೇ ಮಾತು ಹೇಳಿದ, ವ್ಯಾಪಾರಿ ಮತ್ತೆ ಸಿಡುಕಿದ.

ಆ ಊರಿನ ನಾಟ್ಯಗುರು ಒಂದು ಸಭಾಂಗಣ ಕಟ್ಟಿಸಿದಳು. ಕಲ್ಲಿನ ಮೇಲೆ ಕುಣಿದು ಹುಡುಗಿಯರ ಮಂಡಿ ಹಾಳಾಗುತ್ತದೆಂದು ಮರದ ನೆಲ ಬೇಕೆಂದಳು. ವ್ಯಾಪಾರಿಯ ಒಬ್ಬಳೇ ಮಗಳು ಅಲ್ಲಿ ಹತ್ತು ವರ್ಷ ಕಲಿತಿದ್ದಳು. ಯುಗಾದಿ ಕಳೆದ ಮೇಲೆ ಅವಳ ರಂಗಪ್ರವೇಶ ಅಲ್ಲೇ ನಡೆಯುವುದಿತ್ತು. ಆ ನೆಲವನ್ನು ಬೇರೆ ಯಾರೂ ಮುಟ್ಟಕೂಡದು ಎಂದು ವ್ಯಾಪಾರಿ ತಾನೇ ವಹಿಸಿಕೊಂಡ. ಬಿಳಿಯದೇ ಆಗಬೇಕಿತ್ತು, ಬೇಗ ಆಗಬೇಕಿತ್ತು. ಕಾಫಿ ತೋಟದಿಂದ ಆಗತಾನೆ ಕಡಿದ ಸಿಲ್ವರ್ ಓಕ್ ತರಿಸಿ, ಕೊಯ್ಸಿ, ಒಂದೇ ವಾರದಲ್ಲಿ ಹಾಸಿದ. ಹಾಲಿನಂತಿದೆ ಎಂದು ಜನ ಹೇಳಿದರು. ವ್ಯಾಪಾರಿಗೆ ಅಂದು ಹಿಗ್ಗೋ ಹಿಗ್ಗು.

ಬೇಸಿಗೆ ಬಂತು. ಹಲಗೆಗಳು ಕುಗ್ಗಿದವು, ಸಂದು ಬಿಟ್ಟವು, ಅಂಚುಗಳು ಮೇಲೆದ್ದವು. ರಂಗಪ್ರವೇಶಕ್ಕೆ ಹತ್ತು ದಿನ ಇರುವಾಗ ಅಭ್ಯಾಸದಲ್ಲಿದ್ದ ಮಗಳ ಕಾಲು ಅಂಚಿಗೆ ಸಿಕ್ಕಿತು. ಕಣಕಾಲಿನ ಮೂಳೆ ಮುರಿಯಿತು. ಆಹ್ವಾನ ಪತ್ರಿಕೆ ಹಂಚಿ ಆಗಿತ್ತು. ಮನೆ ಮನೆಗೆ ಹೋಗಿ ಬರಬೇಡಿ ಎಂದು ಹೇಳುವ ಕೆಲಸ ವ್ಯಾಪಾರಿಯ ಪಾಲಿಗೆ ಬಂತು. ಅವಳು ಇನ್ನು ಕುಣಿಯುತ್ತಾಳೋ ಇಲ್ಲವೋ ಎಂದು ಯಾರಿಗೂ ಹೇಳಲಾಗಲಿಲ್ಲ.

ನಾಟ್ಯಗುರು ಆ ನೆಲವನ್ನು ಕೀಳಿಸಿ ಎಸೆದಳು. ಮುದಿ ಬಡಗಿಯನ್ನು ಕರೆಸಿ ಬೇರೆ ನೆಲ ಹಾಸಿಸಿದಳು. ಆರು ತಿಂಗಳ ಮೇಲೆ, ಮಳೆಗಾಲ ಕಳೆದು, ಮಗಳ ಕಾಲು ಕೂಡಿಕೊಂಡಿತು. ವ್ಯಾಪಾರಿ ಅವಳ ಕೈ ಹಿಡಿದು ಅಲ್ಲಿಗೆ ಕರೆತಂದ. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟ. ಈ ಮೂಲೆಯಿಂದ ಆ ಮೂಲೆಗೆ ನಡೆದ. ಒಂದು ಸಂದಿಲ್ಲ, ಒಂದು ಕಿರುಗುಟ್ಟುವ ಸದ್ದಿಲ್ಲ. ಮಗಳು ಹೆದರುತ್ತಲೇ ಒಂದು ಅಡವು ಹಾಕಿದಳು, ಮತ್ತೊಂದು ಹಾಕಿದಳು. ಆಮೇಲೆ ಬಂದು ಅಪ್ಪನ ಕೈ ಹಿಡಿದು ನಿಂತಳು. ವ್ಯಾಪಾರಿಗೆ ದುಃಖ ಒತ್ತರಿಸಿ ಬಂತು. ಇಂಥ ಮರ ನಿನಗೆಲ್ಲಿ ಸಿಕ್ಕಿತು ಎಂದು ಬಡಗಿಯನ್ನು ಕೇಳಿದ.

“ನಿಮ್ದೇ ಯಜಮಾನ್ರೇ. ನೀವು ಮೊದಲನೇ ಸಲ ಕೊಟ್ರಲ್ಲ, ಆ ತೇಗ. ಅದಕ್ಕೆ ಬೇಕಿದ್ದದ್ದು ಇನ್ನು ಮೂರು ತಿಂಗಳು, ನನ್ನ ಹಿತ್ತಿಲಲ್ಲಿ ಕೂತು ಮುಗಿಸ್ತು, ಅಷ್ಟೇ.”

ವ್ಯಾಪಾರಿ ತಲೆ ತಗ್ಗಿಸಿದ. ಪಂಚೆಯ ಅಂಚಿನಿಂದ ಕಣ್ಣು ಒರೆಸಿಕೊಂಡ. ಮೂಗು ಒರೆಸಿಕೊಂಡ.

“ಅಂದ್ರೆ ತೇಗಕ್ಕೆ ಮತ್ತೆ ಬೇಡಿಕೆ ಬರ್ತಾ ಇದೆ ಅನ್ನು” ಎಂದ.

ಮಗಳು ಅವನ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು.

ಇಷ್ಟು ಹೇಳಿ ಸ್ವಾಮಿಗಳು ಕತೆ ನಿಲ್ಲಿಸಿದರು. ಗುರುಪಾದನ ಕಣ್ಣೂ ಒದ್ದೆಯಾಗಿತ್ತು. ಅದನ್ನು ಕಂಡು ಅವರಿಗೆ ಸ್ವಲ್ಪ ಸಮಾಧಾನವಾಯಿತು. ಇಷ್ಟು ದಿನ ತಲೆ ತಿಂದರೂ ಕೊನೆಗೆ ನಾಟಿತಲ್ಲ ಎಂದುಕೊಂಡರು. ಗುರುಪಾದ ಮೂಗು ಒರೆಸಿಕೊಂಡು, ಜೇಬಿನಿಂದ ಚೀಟಿ ಪೆನ್ನು ತೆಗೆದ.

“ಹಂಗಾದ್ರೆ ಬುದ್ಧಿ, ಅಂಗಳಕ್ಕೆ ತೇಗಾನೇ ತುಂಬಿಸ್ಲಾ?”

ಸ್ವಾಮಿಗಳು ಕಣ್ಣು ಮುಚ್ಚಿಕೊಂಡರು. ಸಿಟ್ಟು ಇಳಿಯಲಿ ಎಂದು ಕಾದರು. ಅದು ಪೂರ್ತಿ ಇಳಿಯಲಿಲ್ಲ.

“ನಾಳೆ ಲಾರಿ ಹತ್ತೋ ಹೊನ್ನೆಗೆ ವರ್ಷ ತುಂಬೋಕೆ ಇನ್ನೆಷ್ಟು ತಿಂಗಳಿದೆ, ಗುರುಪಾದ?”

ಗುರುಪಾದ ಬೆರಳು ಮಡಿಸಿ ಎಣಿಸಿದ. ಶ್ರಾವಣ, ಭಾದ್ರಪದ, ಆಶ್ವಯುಜ. ಮೂರನೆಯ ಬೆರಳಿಗೆ ನಿಂತವನು ಚೀಟಿ ಪೆನ್ನನ್ನು ಮತ್ತೆ ಜೇಬಿಗೆ ಹಾಕಿಕೊಂಡ.