ಚುಕ್ಕೆ ಬಿದ್ದ ಮೂರು ಚಿತ್ರಗಳು

“ಗುರುಗಳೇ, ಮಂದ ಬೆಳಕಿನಲ್ಲಿಯೂ ಚುಕ್ಕೆ ಬೀಳದ ಹಾಗೆ ಚಿತ್ರ ತೆಗೆಯುವ ಕ್ಯಾಮೆರಾ ಬೇಕು. ಯಾವುದನ್ನು ಕೊಳ್ಳಲಿ?” ಎಂದು ಶಾಂಭವಿ ಕೇಳಿದಳು. ಅವಳು ಛಾಯಾಗ್ರಹಣ ಕಲಿಯಲು ಬಂದು ಎರಡು ವರ್ಷವಾಗಿತ್ತು.

“ಈಗ ಒಳ್ಳೆಯವು ಬೇಕಾದಷ್ಟಿವೆ. ಕುಳಿತುಕೋ,” ಎಂದು ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಛಾಯಾಗ್ರಾಹಕನಿದ್ದ. ಮದುವೆ, ಮುಂಜಿಗಳಿಗೆ ಜನ ಅವನನ್ನೇ ಕರೆಯುತ್ತಿದ್ದರು. ಅವನ ಚಿತ್ರಗಳು ತೊಳೆದಿಟ್ಟಂತೆ ಶುಭ್ರವಾಗಿರುತ್ತಿದ್ದವು. ಬೆಳಕು ಸಾಲದ ಕಡೆ ಕ್ಯಾಮೆರಾದ ಐಎಸ್‌ಒ, ಅಂದರೆ ಅದು ಬೆಳಕಿಗೆ ಸ್ಪಂದಿಸುವ ಮಟ್ಟವನ್ನು, ಏರಿಸಬೇಕಾಗುತ್ತದೆ. ಏರಿಸಿದರೆ ಕತ್ತಲೆಯಲ್ಲಿಯೂ ಚಿತ್ರ ಮೂಡುತ್ತದೆ. ಆದರೆ ಅದರ ಮೇಲೆಲ್ಲ ರವೆ ಚೆಲ್ಲಿದಂತೆ ಚುಕ್ಕೆಗಳು ಬೀಳುತ್ತವೆ. ಅವನ ಕ್ಯಾಮೆರಾ ಹಳೆಯದು. ಐಎಸ್‌ಒ ಎಂಟುನೂರು ದಾಟಿದರೆ ಚುಕ್ಕೆ ಕಾಣಿಸುತ್ತಿತ್ತು. ಅಂಥ ಚಿತ್ರವನ್ನು ಅವನು ಯಾರಿಗೂ ಕೊಡುತ್ತಿರಲಿಲ್ಲ.

ಒಮ್ಮೆ ಅವನು ಒಂದು ಮನೆಯ ನಿಶ್ಚಿತಾರ್ಥಕ್ಕೆ ಹೋದ. ಹುಡುಗಿಯ ಸೋದರಮಾವಂದಿರು ಇಬ್ಬರು. ತಮ್ಮ ತಂದೆ ತೀರಿಕೊಂಡ ದಿನ ಆಡಿದ ಒಂದು ಮಾತಿಗಾಗಿ ಆ ಅಣ್ಣ ತಮ್ಮಂದಿರು ಹನ್ನೊಂದು ವರ್ಷಗಳಿಂದ ಮಾತು ಬಿಟ್ಟಿದ್ದರು. ಅಕ್ಕನ ಮಗಳ ಶಾಸ್ತ್ರ ತಪ್ಪಿಸಲಾಗದೆ ಬಂದಿದ್ದರು. ಒಬ್ಬ ಜಗಲಿಯಲ್ಲಿ ಕುಳಿತಿದ್ದ, ಇನ್ನೊಬ್ಬ ಹಿತ್ತಿಲಲ್ಲಿ ನಿಂತಿದ್ದ. ಅವರ ತಾಯಿ, ಹುಡುಗಿಯ ಅಜ್ಜಿ, ಇಬ್ಬರ ನಡುವೆ ಓಡಾಡುತ್ತಿದ್ದಳು.

ಊಟದ ಹೊತ್ತಿಗೆ ಕರೆಂಟು ಹೋಯಿತು. ಅಡುಗೆಮನೆ ಒಳಗಡೆಯದು, ಹಗಲಿನಲ್ಲಿಯೂ ಅಲ್ಲಿ ದೀಪ ಬೇಕಿತ್ತು. ಪಾಯಸದ ಕೊಪ್ಪರಿಗೆ ಇಳಿಸಬೇಕು, ಯಾರಾದರೂ ಬನ್ನಿ ಎಂದು ಅಡುಗೆಯವರು ಕೂಗಿದರು. ಅಣ್ಣ ಒಂದು ಬಾಗಿಲಿನಿಂದ ಬಂದ. ತಮ್ಮ ಇನ್ನೊಂದು ಬಾಗಿಲಿನಿಂದ ಬಂದ. ಒಲೆಯ ಮಂದ ಬೆಳಕಿನಲ್ಲಿ ಆ ಕಡೆಯ ಹಿಡಿಕೆಗೆ ಕೈ ಹಾಕಿದವನು ಯಾರೆಂದು ಇಬ್ಬರಿಗೂ ತಿಳಿಯಲಿಲ್ಲ. ಇಳಿಸುವಾಗ ಬಿಸಿ ಪಾಯಸ ತುಳುಕಿ ಅಣ್ಣನ ಪಾದದ ಮೇಲೆ ಬಿತ್ತು. ಅವನು ಚೀರಿದ. ಆ ದನಿಯಿಂದ ತಮ್ಮನಿಗೆ ಗುರುತು ಸಿಕ್ಕಿತು.

ತಮ್ಮ ತಂಬಿಗೆಯ ನೀರು ಸುರಿದ. ಕೆಳಗೆ ಕುಳಿತು, ಅಣ್ಣನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಊದತೊಡಗಿದ.

ಅಣ್ಣ ಬಗ್ಗಿ ಅವನ ಮುಖ ನೋಡಿದ. ಆಮೇಲೆ, “ಚಿಕ್ಕವನಿದ್ದಾಗಲೂ ನೀನು ಹೀಗೇ ಉಗುಳು ಹಾರಿಸಿಕೊಂಡು ಊದುತ್ತಿದ್ದೆ ಕಣೋ,” ಎಂದ.

ತಮ್ಮನಿಗೆ ನಗು ಬಂತು. ಅಣ್ಣನೂ ನಕ್ಕು, ಅವನ ತಲೆಯ ಮೇಲೆ ಕೈಯಿಟ್ಟ.

ನೀರು ಕುಡಿಯಲು ಬಂದ ಛಾಯಾಗ್ರಾಹಕ ಬಾಗಿಲಲ್ಲಿ ನಿಂತಿದ್ದ. ಫ್ಲ್ಯಾಶ್ ಹಾಕಿದರೆ ಅವರು ಬೆಚ್ಚಿ ದೂರ ಸರಿಯುತ್ತಾರೆ ಎಂದು ಅವನಿಗೆ ಅನಿಸಿತು. ಐಎಸ್‌ಒವನ್ನು ಕೊನೆಯವರೆಗೆ ಏರಿಸಿ ಮೂರು ಸಲ ಒತ್ತಿದ. ಪಕ್ಕದಲ್ಲಿ ಅಜ್ಜಿ ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆ ಸಲಿಗೆ ಸಂಜೆಯವರೆಗೂ ಉಳಿಯಲಿಲ್ಲ. ತಾಂಬೂಲ ಯಾರಿಗೆ ಮೊದಲು ಕೊಡಬೇಕು ಎಂಬಲ್ಲಿ ಮಾತು ಬೆಳೆಯಿತು. ಅಣ್ಣ ತಮ್ಮಂದಿರು ಬೇರೆ ಬೇರೆ ಬಸ್ಸು ಹಿಡಿದು ಹೋದರು.

ಛಾಯಾಗ್ರಾಹಕ ಮನೆಗೆ ಬಂದು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದ. ಮೂರರಲ್ಲೂ ಚುಕ್ಕೆಗಳು ತುಂಬಿದ್ದವು. ಬಣ್ಣ ಕದಡಿತ್ತು. ಇವು ತನ್ನ ಹೆಸರಿಗೆ ತಕ್ಕವಲ್ಲ ಎಂದುಕೊಂಡು ಮೂರನ್ನೂ ಅಳಿಸಿದ.

ಆಲ್ಬಮ್ ತಲುಪಿಸಿದ ದಿನ ಅಜ್ಜಿ ಅದರ ಪುಟಗಳನ್ನು ಎರಡು ಸಲ ತಿರುವಿದಳು. “ಒಲೆಯ ಹತ್ತಿರ ತೆಗೆದದ್ದು ಎಲ್ಲಪ್ಪಾ?” ಎಂದು ಕೇಳಿದಳು.

“ಅದು ಚೆನ್ನಾಗಿ ಬಂದಿರಲಿಲ್ಲ ಅಜ್ಜಿ. ಬರೀ ಚುಕ್ಕೆ. ಅಳಿಸಿಬಿಟ್ಟೆ.”

ಅಜ್ಜಿ ಆಲ್ಬಮ್ ಮುಚ್ಚಿ ಒಳಗೆ ಹೋದಳು.

ಅಜ್ಜಿಯ ಬಾಡಿದ ಮುಖ ಅವನನ್ನು ಬಿಡಲಿಲ್ಲ. ಎಲ್ಲ ತಪ್ಪು ಕ್ಯಾಮೆರಾದ್ದು ಎಂದು ಅವನು ತೀರ್ಮಾನಿಸಿದ. ಒಂದು ವರ್ಷ ಅಂಗಡಿ ಅಂಗಡಿ ಅಲೆದ. ಒಂದೊಂದು ಕ್ಯಾಮೆರಾವನ್ನೂ ಕತ್ತಲೆಯ ಮೂಲೆಗೆ ಒಯ್ದು, ಐಎಸ್‌ಒ ಏರಿಸಿ, ತನ್ನ ಅಂಗೈಯ ಚಿತ್ರವನ್ನೇ ತೆಗೆದು ಹೋಲಿಸಿದ. ಕೊನೆಗೆ ಒಂದು ಸಿಕ್ಕಿತು. ಎಷ್ಟು ಏರಿಸಿದರೂ ಅಂಗೈಯ ಗೆರೆಗಳು ಸ್ಪಷ್ಟವಾಗಿದ್ದವು.

ಅದನ್ನು ತೆಗೆದುಕೊಂಡು ಅಜ್ಜಿಯ ಬಳಿಗೆ ಹೋದ. “ಮಕ್ಕಳಿಬ್ಬರನ್ನೂ ಕರೆಸಿ ಅಜ್ಜಿ. ಅದೇ ಜಾಗ, ಅದೇ ಬೆಳಕು. ಈ ಸಲ ತಪ್ಪುವುದಿಲ್ಲ,” ಎಂದ.

ಅಜ್ಜಿ ಹೇಳಿಕಳಿಸಿದಳು. ತಾಯಿಯ ಮಾತಿಗೆ ಇಬ್ಬರೂ ಬಂದರು. ಅವನು ದೀಪ ಆರಿಸಿ, ಅವರನ್ನು ಉರಿಯುವ ಒಲೆಯ ಮುಂದೆ ಕೂರಿಸಿ, ಚಿತ್ರ ತೆಗೆದ. ಒಂದು ವಾರ ಬಿಟ್ಟು ಅದಕ್ಕೆ ಕಟ್ಟು ಹಾಕಿಸಿ ತಂದುಕೊಟ್ಟ.

ಅಜ್ಜಿ ಅದನ್ನು ಕಿಟಕಿಯ ಬಳಿ ಹಿಡಿದು ಬಹಳ ಹೊತ್ತು ನೋಡಿದಳು. ಅಂಗಿಯ ನೂಲು ಕಾಣುತ್ತಿತ್ತು. ಅಣ್ಣನ ಮೀಸೆಯ ಒಂದೊಂದು ಬಿಳಿಗೂದಲೂ ಕಾಣುತ್ತಿತ್ತು. ಇಬ್ಬರ ನಡುವೆ ಒಂದು ಮೊಳದ ಜಾಗವಿತ್ತು.

“ಎಲ್ಲ ನಿಚ್ಚಳವಾಗಿ ಕಾಣುತ್ತದಪ್ಪಾ. ಇವರು ಮುಖ ಬಿಗಿದುಕೊಂಡಿರುವುದೂ ಕಾಣುತ್ತದೆ,” ಎಂದಳು. ಚಿತ್ರವನ್ನು ಅವನ ಕೈಗೆ ಹಿಂದಿರುಗಿಸಿದಳು.

ಗುರುಗಳು ಕತೆ ಮುಗಿಸಿದರು.

ಶಾಂಭವಿಗೆ ಸಮಾಧಾನವಾಗಲಿಲ್ಲ. “ಹೊಸ ಕ್ಯಾಮೆರಾ ಮೊದಲೇ ಅವನ ಕೈಯಲ್ಲಿದ್ದಿದ್ದರೆ ಆ ಮೂರು ಚಿತ್ರಗಳೂ ಚೆನ್ನಾಗಿ ಬರುತ್ತಿದ್ದವಲ್ಲ?” ಎಂದಳು.

“ಬರುತ್ತಿದ್ದವು. ಒಳ್ಳೆಯದನ್ನು ಕೊಳ್ಳುವುದು ತಪ್ಪಲ್ಲ.”

“ಹಾಗಾದರೆ ಯಾವುದನ್ನು ಕೊಳ್ಳಲಿ, ಹೇಳಿ.”

“ಚುಕ್ಕೆ ಬಿದ್ದಿದೆ ಎಂದು ನೀನು ಈವರೆಗೆ ಅಳಿಸಿದ ಚಿತ್ರಗಳನ್ನು ತಂದು ತೋರಿಸು, ಆಮೇಲೆ ಹೇಳುತ್ತೇನೆ,” ಎಂದರು ಗುರುಗಳು.

“ಅಳಿಸಿದ್ದನ್ನು ಎಲ್ಲಿಂದ ತರಲಿ, ಗುರುಗಳೇ?” ಎಂದಳು ಶಾಂಭವಿ.