ಕ್ರಾಸಿಗೆ ಹೋದ ಕ್ರಾಸ್ ಮರಿ

ಕಿವಿ ಇದ್ದವರೆಲ್ಲ ಕೇಳ್ರಿ. ಬಾಲ ಇದ್ದವರೂ ಕೇಳ್ರಿ.

ಹಂಪವ್ವಾಯಿಯ ನಾಯಿ ಚಿಗರಿ. ಚಿಗರಿ ಐದು ಮರಿ ಹಾಕಿತು. ಅವ್ವ ಮುಧೋಳ ನಾಯಿ, ಅಪ್ಪ ಬೀದಿ ನಾಯಿ. ಇಂಥ ಬೆರಕೆ ಮರಿಗೆ ನಮ್ಮ ಕಡೆ ಕ್ರಾಸ್ ಮರಿ ಅಂತಾರೆ. ಬಸ್ಸು ನಿಲ್ಲೋ ಕೂಡುರಸ್ತೆಗೂ ಕ್ರಾಸ್ ಅಂತಾರೆ. ಅಲ್ಲೇ ಆಯ್ತು ಎಡವಟ್ಟು.

ಟೆಂಪೋ ಬಾಳಪ್ಪ ಬಂದ.

"ಇವು ಯಾವ ಮರಿ, ಆಯಿ?"

"ಕ್ರಾಸ್ ಮರಿ," ಅಂದಳು ಹಂಪವ್ವಾಯಿ. ಅಂದವಳೇ ನೀರಿಗೆ ಹೋದಳು. ಚಿಗರಿಯೂ ಹಿಂದೆ ಹೋಯ್ತು.

ಓಹೋ, ಕ್ರಾಸಿಗೆ ಮುಟ್ಟಿಸೋ ಮರಿ ಅಂದುಕೊಂಡ ಬಾಳಪ್ಪ. ಜೇಬಿನಲ್ಲಿ ಹಿಡಿಸಿದ್ದು ಒಂದೇ. ಒಂದನ್ನೇ ಒಯ್ದ. ಕ್ರಾಸಿನ ಚಹಾದಂಗಡಿಯಲ್ಲಿ ಇಳಿಸಿ ಬಂದ.

ಹಂಪವ್ವಾಯಿ ಬಂದಳು. ಎಣಿಸಿದಳು. ಒಂದು, ಎರಡು, ಮೂರು, ನಾಲ್ಕು. ಐದು ಎಲ್ಲಿ? ಚಿಗರಿ ಕುಂಯ್ ಅಂತು. "ಒಂದನ್ನ ಕ್ರಾಸಿಗೆ ಮುಟ್ಟಿಸಿ ಬಂದೀನಿ, ಆಯಿ," ಅಂದ ಬಾಳಪ್ಪ.

"ಎಂಥಾ ಕೆಲಸ ಮಾಡಿದ್ಯೋ ಬಾಳಪ್ಪಾ! ಮರಿ ಇನ್ನೂ ಕಣ್ಣು ಬಿಟ್ಟಿಲ್ಲ. ಹಾಲಿಲ್ಲದ ಉಳಿಯೂದಿಲ್ಲ. ಹೋಗು, ಮರಿ ತಾ!"

"ಟೈರಿನ ಗಾಳಿ ಹೋಗೇದ, ಆಯಿ. ಟೆಂಪೋ ಓಡೂದಿಲ್ಲ."

ಹಂಪವ್ವಾಯಿ ಪಂಕ್ಚರ್ ಅಂಗಡಿಗೆ ಓಡಿದಳು.

"ರಾಜೇಸಾಬ, ರಾಜೇಸಾಬ, ಗಾಳಿ ಹಾಕು. ಗಾಳಿ ಇಲ್ಲದ ಟೆಂಪೋ ಓಡೂದಿಲ್ಲ. ಟೆಂಪೋ ಓಡದ ಮರಿ ಬರೂದಿಲ್ಲ. ಮರಿ ಇನ್ನೂ ಕಣ್ಣು ಬಿಟ್ಟಿಲ್ಲ!"

"ಪಂಪು ಒಣಗೇದ, ಆಯಿ. ಎಣ್ಣಿ ಬೇಕು."

ಹಂಪವ್ವಾಯಿ ಎಣ್ಣೆ ಅಂಗಡಿಗೆ ಓಡಿದಳು.

"ಸಂಗವ್ವಾ, ಸಂಗವ್ವಾ, ಎಣ್ಣಿ ಕೊಡು. ಎಣ್ಣಿ ಇಲ್ಲದ ಗಾಳಿ ಬರೂದಿಲ್ಲ. ಗಾಳಿ ಇಲ್ಲದ ಟೆಂಪೋ ಓಡೂದಿಲ್ಲ. ಟೆಂಪೋ ಓಡದ ಮರಿ ಬರೂದಿಲ್ಲ. ಮರಿ ಇನ್ನೂ ಕಣ್ಣು ಬಿಟ್ಟಿಲ್ಲ!"

"ಹೆಂಗ ಏಳ್ಲಿ, ಆಯಿ? ತೊಡಿಮ್ಯಾಲ ಕೂಸು ಅಳಾಕತ್ತೇದ. ಕೆಳಗ ಇಳಿಸಿದ್ರ ಊರೇ ಎದ್ದು ಓಡ್ತದ. ಮೊದಲ ಕೂಸು ನಗಬೇಕು."

ಅಂಗಳದಲ್ಲಿ ಕೋಳಿ ಇತ್ತು.

"ಕೋಳೀ, ಕೋಳೀ, ಕುಣಿ. ನೀ ಕುಣೀದ ಕೂಸು ನಗೂದಿಲ್ಲ. ಕೂಸು ನಗದ ಎಣ್ಣಿ ಸಿಗೂದಿಲ್ಲ. ಎಣ್ಣಿ ಇಲ್ಲದ ಗಾಳಿ ಬರೂದಿಲ್ಲ. ಗಾಳಿ ಇಲ್ಲದ ಟೆಂಪೋ ಓಡೂದಿಲ್ಲ. ಟೆಂಪೋ ಓಡದ ಮರಿ ಬರೂದಿಲ್ಲ. ಮರಿ ಇನ್ನೂ ಕಣ್ಣು ಬಿಟ್ಟಿಲ್ಲ!"

"ಕೊಕ್ಕೊಕ್ಕೋ! ಬರೇ ಹೊಟ್ಟಿಲೆ ಯಾರ ಕುಣೀತಾರ? ಜೋಳ ಹಾಕು."

ಹಂಪವ್ವಾಯಿ ಮನೆಗೆ ಓಡಿದಳು. ಡಬ್ಬಿಯ ತಳದಲ್ಲಿ ಒಂದು ಬೊಗಸೆ ಜೋಳ. ಅವಳ ರೊಟ್ಟಿಗೆ ಇಟ್ಟದ್ದು ಅದು. ಬಾಗಿಲಲ್ಲಿ ಚಿಗರಿ ನಿಂತಿತ್ತು. ಅವಳ ಮುಖ ನೋಡುತ್ತಿತ್ತು.

"ರೊಟ್ಟಿ ನಾಳೆ ತಿಂದ್ರಾತು," ಅಂದಳು. ಡಬ್ಬಿ ಒಯ್ದು ಕೋಳಿಯ ಮುಂದೆ ಬೋರಲು ಹಾಕಿದಳು.

ಆಗ ನೋಡ್ರಿ!

ಜೋಳ ತಿಂದು ಕೋಳಿ ಕುಣೀತು. ಕೋಳಿ ಕುಣಿದು ಕೂಸು ನಕ್ಕಿತು. ಕೂಸು ನಕ್ಕು ಸಂಗವ್ವ ಎದ್ದಳು, ಎಣ್ಣೆ ಕೊಟ್ಟಳು. ಎಣ್ಣೆ ಕುಡಿದು ಪಂಪು ಉಸ್ಸ್ ಅಂತು. ರಾಜೇಸಾಬ ಗಾಳಿ ಹಾಕಿದ. ಟೈರು ಉಬ್ಬಿತು. ಟೆಂಪೋ ಓಡಿತು. ಡುರ್ ಡುರ್ ಡುರ್, ಕ್ರಾಸಿಗೆ!

ಚಹಾದಂಗಡಿಯವ ಮರಿಯನ್ನು ಟವೆಲ್ಲಿನಲ್ಲಿ ಸುತ್ತಿ ಎದೆಗೆ ಹಿಡಿದು ಕೂತಿದ್ದ.

"ಮಾರಾಯಾ, ಇಷ್ಟು ಸಣ್ಣದನ್ನ ಬಿಟ್ಟು ಹೋಗ್ತಾರೇನೋ? ತಗೊಂಡು ನಡಿ!"

ಮರಿ ಬಂತು. ಚಿಗರಿ ನೆಕ್ಕಿತು. ತಲೆ ನೆಕ್ಕಿತು, ಬಾಲ ನೆಕ್ಕಿತು.

"ನನಗೊಂದು ಮರಿ," ಅಂದ ಬಾಳಪ್ಪ. "ನನಗೊಂದು," ಅಂದ ರಾಜೇಸಾಬ. "ನಮ್ಮ ಕೂಸಿಗೊಂದು," ಅಂದಳು ಸಂಗವ್ವ. "ನನಗ ಬ್ಯಾಡವ್ವಾ!" ಅಂತು ಕೋಳಿ.

ಹಂಪವ್ವಾಯಿ ಸೊಂಟಕ್ಕೆ ಕೈ ಇಟ್ಟಳು.

"ಈಗ ಯಾರಿಗೂ ಇಲ್ಲ. ಮೊದಲ ಕಣ್ಣು ಬಿಡ್ಲಿ. ಎರಡು ತಿಂಗಳು ಅವ್ವನ ಹತ್ರ ಇರ್ಲಿ. ಸೂಜಿ ಮದ್ದು ಹಾಕಸ್ತೀನಿ. ಆಮ್ಯಾಲ ಬರ್ರಿ. ಕಡೀತನಕ ಸಾಕೂ ಹಂಗಿದ್ರ ಬರ್ರಿ. ಇಲ್ಲಂದ್ರ ಚಹಾ ಕುಡಿದು ಹೋಗ್ರಿ."

ಬಾಳಪ್ಪ ಕಿವಿ ಹಿಡಿದುಕೊಂಡ. ಎಲ್ಲರೂ ನಕ್ಕರು.

ಐದನೇ ಮರಿ ಮೂತಿ ಆಡಿಸಿತು. ಇಲ್ಲಿ ಇಲ್ಲ. ಅಲ್ಲಿ ಇಲ್ಲ. ಹಾಂ, ಸಿಕ್ಕಿತು! ಚಪ್ ಚಪ್ ಚಪ್.

ಅದರ ಹೊಟ್ಟೆ ತುಂಬಿತು, ನನ್ನ ಕತೆ ಬರಿದಾಯ್ತು.