ನೂರು ಪುಟಗಳ ಅರ್ಧ ವಾಕ್ಯ

"ಗುರುಗಳೇ, ಮಕ್ಕಳ ಕಲಿಕೆಯ ಬಗ್ಗೆ ಅಂತರಜಾಲದಲ್ಲಿ ಹುಡುಕುತ್ತೇನೆ. ಒಂದೇ ಮಾತನ್ನು ನೂರು ಪುಟಗಳು ಹೇಳಿದರೆ ನಂಬಬಾರದೇ?" ಎಂದು ಶಿಷ್ಯೆ ಕೇಳಿದಳು. ಅವಳು ಶಿಕ್ಷಕಿಯಾಗಲು ಓದುತ್ತಿದ್ದಳು.

ಗುರುಗಳು ಹೇಳಿದರು:

ಒಂದು ಊರಿನ ಶಾಲೆಗೆ ಒಬ್ಬ ಕುರಿಗಾಹಿ ಹೆಂಗಸು ತನ್ನ ಮಗಳನ್ನು ಕರೆತಂದಳು. ಹುಡುಗಿಗೆ ಒಂಬತ್ತು ವರ್ಷ. ಮಂದೆಯ ಜೊತೆ ಊರೂರು ಅಲೆದವಳು, ಅಕ್ಷರ ಕಲಿತಿರಲಿಲ್ಲ. ಮಂದೆ ಮರುದಿನ ಹೊರಡಬೇಕಿತ್ತು. ಶಾಲೆ ಸೇರಿಸಿಕೊಂಡರೆ ಮಗಳು ಅಲ್ಲಿನ ಬಂಧುಗಳ ಮನೆಯಲ್ಲಿ ಉಳಿಯುವಳು. ಇಲ್ಲವಾದರೆ ಕುರಿಗಳ ಹಿಂದೆ ನಡೆಯುವಳು.

ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಆದರೆ ಎಷ್ಟೋ ವರ್ಷ ಸಭೆಗಳನ್ನು ನಡೆಸಿ, ಎತ್ತಿದ ಕೈಗಳನ್ನು ಎಣಿಸಿ ತೀರ್ಮಾನ ಮಾಡಿದವರು. ಗಣಕಯಂತ್ರದ ಮುಂದೆ ಕುಳಿತು ಅಂತರಜಾಲದ ಪುಟಗಳನ್ನೂ ಹಾಗೆಯೇ ಎಣಿಸಿದರು. 'ಎಂಟು ವರ್ಷ ದಾಟಿದ ಮಗು ಓದಲು ಕಲಿಯಲಾರದು' ಎಂದು ಪುಟದ ಮೇಲೆ ಪುಟ ಹೇಳಿತು.

"ಇಷ್ಟು ಜನ ಹೇಳುತ್ತಿದ್ದಾರೆ, ತಾಯಿ. ಮಗುವಿಗೆ ಸುಮ್ಮನೆ ಕಷ್ಟ ಕೊಡುವುದು ಬೇಡ" ಎಂದರು.

"ಅಲ್ರಿ ಸರ, ಹುಡುಗಿ ನಿಮ್ಮ ಮುಂದನ ನಿಂತಾಳ. ಆ ಪೆಟ್ಟಿಗ್ಯಾಗ ಯಾರನ್ನ ಹುಡುಕಾಕ ಹತ್ತೀರಿ?" ಎಂದಳು ತಾಯಿ.

ಅಲ್ಲೇ ಇದ್ದ ಶಿಕ್ಷಕಿಯೊಬ್ಬಳು ನಕ್ಕಳು. ಒಂದು ಸಂಜೆಯ ಅವಕಾಶ ಬೇಡಿದಳು. ಅವಳು ಪುಟಗಳನ್ನು ಎಣಿಸಲಿಲ್ಲ. ಈ ಮಾತು ನಿನಗೆ ಎಲ್ಲಿಂದ ಬಂತು ಎಂದು ಒಂದೊಂದು ಪುಟವನ್ನೂ ಕೇಳಿದಳು. ಅದು ಹೆಸರಿಸಿದ ಮೂಲಕ್ಕೆ ಹೋದಳು. ಹಲವು ಪುಟಗಳು ಯಾವ ಮೂಲವನ್ನೂ ಹೆಸರಿಸಿರಲಿಲ್ಲ. ಉಳಿದವು ಒಂದನ್ನೊಂದು ತೋರಿಸುತ್ತ, ಕೊನೆಗೆ ಒಂದೇ ಅಂಗಡಿಯ ಬಾಗಿಲಿಗೆ ಬಂದು ನಿಂತವು. ಎಳೆಯ ಮಕ್ಕಳಿಗೆ ಅಕ್ಷರದ ಆಟಿಕೆ ಮಾರುವ ಅಂಗಡಿ ಅದು. ಅಂಗಡಿಯವನು ಆ ಮಾತನ್ನು ಒಬ್ಬ ವಿದ್ವಾಂಸೆಯ ಅಧ್ಯಯನದಿಂದ ಎತ್ತಿಕೊಂಡಿದ್ದನು. ಶಿಕ್ಷಕಿ ಆ ಅಧ್ಯಯನವನ್ನೇ ತೆರೆದಳು. ವಾಕ್ಯ ಅಲ್ಲಿ ಇಡಿಯಾಗಿತ್ತು: 'ಎಂಟು ವರ್ಷ ದಾಟಿದ ಮಗು ಓದಲು ಕಲಿಯಲಾರದು ಎಂದು ಹಲವರು ನಂಬಿದ್ದಾರೆ; ನಾವು ಕಲಿಸಿದ ಮಕ್ಕಳು ಆ ನಂಬಿಕೆಯನ್ನು ಸುಳ್ಳಾಗಿಸಿದರು.' ಯಾವ ಮಕ್ಕಳು, ಯಾರು ಕಲಿಸಿದರು, ಹೇಗೆ ಪರೀಕ್ಷಿಸಿದರು ಎಂಬುದೂ ಅಲ್ಲೇ ಇತ್ತು.

ಬೆಳಗ್ಗೆ ಮುಖ್ಯೋಪಾಧ್ಯಾಯರು ಅದನ್ನು ಕೊನೆಯವರೆಗೆ ಓದಿದರು. ಹೊರಗೆ ಬಂದು, ಹುಡುಗಿಯನ್ನು ತಾವೇ ತರಗತಿಗೆ ಕರೆದೊಯ್ದರು.

ಮುಂದಿನ ವರ್ಷ ಮಂದೆ ಅದೇ ದಾರಿಯಲ್ಲಿ ಬಂತು. ಶಾಲೆಯಲ್ಲಿ ಪ್ರಾರ್ಥನೆ ಮುಗಿದು, ದಿನಪತ್ರಿಕೆ ಓದುವ ಹೊತ್ತು. ಸರದಿ ಆ ಹುಡುಗಿಯದು. ಅವಳು ಎಲ್ಲರ ಮುಂದೆ ನಿಂತು, ತಡವರಿಸದೆ ಓದಿದಳು. ಹೊರಗೆ ಕುರಿಗಳು ರಸ್ತೆ ತುಂಬಿ ನಿಂತಿದ್ದವು. ಬಸ್ಸೊಂದು ಹಾರನ್ ಹಾಕುತ್ತಲೇ ಇತ್ತು. ತಾಯಿ ಕದಲಲಿಲ್ಲ. ಗೋಡೆಯಾಚೆಯಿಂದ ಕೂಗಿದಳು: "ಇನ್ನ ಜೋರ ಓದವ್ವಾ, ಬಸ್ಸಿನಾಗಿನ ಮಂದಿಗೂ ಕೇಳ್ಲಿ!"

ಶಿಷ್ಯೆಯ ಮುಖ ಅರಳಿತು. "ಎಂಥ ಗೆಲುವು, ಗುರುಗಳೇ! ನಾಳೆಯೇ ಇದನ್ನು ನನ್ನ ತರಗತಿಯವರಿಗೆಲ್ಲ ಹೇಳುತ್ತೇನೆ."

"ಹೇಳು, ಆದರೆ ಮೊದಲು ಅದು ಯಾವ ಊರೆಂದು ನನ್ನನ್ನು ಕೇಳು, ಅಲ್ಲಿಗೆ ಹೋಗು, ಆ ಹುಡುಗಿ ಓದುವುದನ್ನು ನಿನ್ನ ಕಿವಿಯಿಂದಲೇ ಕೇಳಿ ಬಾ" ಎಂದರು ಗುರುಗಳು.